ಕಬ್ಬಿಣದ ಬಾಗಿಲು ಕಾಯುವ ಹಾರ್ಮೋನ್

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸ್ವಲ್ಪ ಹೊತ್ತು ಕೈಕೆಲಸ ಬದಿಗಿಟ್ಟು ಕೇಳಿ.

“ಡಾಕ್ಟ್ರೇ, ಎರಡು ತಿಂಗಳಿಂದ ಕಬ್ಬಿಣದ ಟಾನಿಕ್ ಕುಡಿಸ್ತಿದ್ದೀನಿ, ಮಗುಗೆ ರಕ್ತ ಏರ್ತಾನೇ ಇಲ್ಲ. ಡೋಸ್ ಜಾಸ್ತಿ ಮಾಡ್ಲಾ?” ಈ ಪ್ರಶ್ನೆ ಕೇಳದ ವಾರವೇ ಇಲ್ಲ. ದಯವಿಟ್ಟು ಮಾಡಬೇಡಿ. ಬಾಯಿಗೆ ಹಾಕಿದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಎಷ್ಟು ಸೇರಬೇಕು ಅಂತ ತೀರ್ಮಾನಿಸುವುದು ಮಗುವಿನ ಲಿವರ್.

ಅದಕ್ಕಾಗಿ ಲಿವರ್ ಒಂದು ಹಾರ್ಮೋನ್ ತಯಾರಿಸುತ್ತದೆ. ಹೆಸರು ಹೆಪ್ಸಿಡಿನ್. ಬರೀ 25 ಅಮೈನೋ ಆಮ್ಲಗಳ ಪುಟ್ಟ ಸರ. ಕರುಳಿನ ಒಳಗೋಡೆಯ ಕೋಶಗಳಲ್ಲಿ ಕಬ್ಬಿಣ ರಕ್ತಕ್ಕೆ ದಾಟಲು ಒಂದು ಬಾಗಿಲಿದೆ, ಅದು ಫೆರೋಪೋರ್ಟಿನ್. ಹೆಪ್ಸಿಡಿನ್ ಬಂದು ಅಂಟಿಕೊಂಡರೆ ಕೋಶ ಆ ಬಾಗಿಲನ್ನೇ ಒಳಗೆಳೆದು ಪುಡಿ ಮಾಡುತ್ತದೆ. ಕಬ್ಬಿಣ ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ. ಆ ಕೋಶ ಬದುಕುವುದು ಕೆಲವೇ ದಿನ. ಅದು ಉದುರಿದಾಗ ಕಬ್ಬಿಣವೂ ಮಲದ ಜೊತೆ ಹೋಯಿತು.

ಹೆಪ್ಸಿಡಿನ್ ಏರಿದರೆ ಬಾಗಿಲು ಬಂದ್, ಇಳಿದರೆ ಬಾಗಿಲು ತೆರೆಯುತ್ತದೆ. ಇದೊಂದು ನೆನಪಿರಲಿ.

ಇದು ಗೊತ್ತಾದ ಕತೆ ನನಗೆ ಬಹಳ ಇಷ್ಟ, ಹೇಳಿಬಿಡುತ್ತೇನೆ. ಪ್ಯಾರಿಸ್‌ನಲ್ಲಿ ಸೋಫಿ ವೋಲೋಂ ಅವರ ತಂಡ ಕೆಲಸ ಮಾಡುತ್ತಿದ್ದದ್ದು ದೇಹ ಗ್ಲೂಕೋಸ್ ಅನ್ನು ಹೇಗೆ ನಿಭಾಯಿಸುತ್ತದೆ ಅನ್ನುವುದರ ಮೇಲೆ. ಕಬ್ಬಿಣದ ಯೋಚನೆಯೇ ಇರಲಿಲ್ಲ. ಒಂದು ಜೀನ್ ತೆಗೆದ ಇಲಿಗಳನ್ನು ಸಾಕಿದ್ದರು. ಕೊಯ್ದು ನೋಡಿದರೆ ಮೇದೋಜೀರಕ ಕಂಚಿನ ಬಣ್ಣ! ಲಿವರ್‌ಗೂ ಸ್ವಲ್ಪ ಅದೇ ಬಣ್ಣ. ಪರೀಕ್ಷಿಸಿದರೆ ತುಂಬಿಕೊಂಡಿದ್ದದ್ದು ಕಬ್ಬಿಣ. ಗ್ಲೂಕೋಸ್ ಜೀನ್ ತೆಗೆದರೆ ಕಬ್ಬಿಣ ಯಾಕೆ ತುಂಬಬೇಕು? ಬೇರೆಯವರಾಗಿದ್ದರೆ ಆ ಇಲಿಗಳನ್ನು ಬದಿಗೆ ಸರಿಸುತ್ತಿದ್ದರೇನೋ. ಇವರು ಬೆನ್ನು ಹತ್ತಿದರು. ತೆಗೆದ ಜೀನ್‌ನ ಪಕ್ಕದ ಜೀನ್ ಕೂಡ ಸದ್ದಿಲ್ಲದೆ ಕೆಲಸ ನಿಲ್ಲಿಸಿತ್ತು. ಅದೇ ಹೆಪ್ಸಿಡಿನ್. ಅದನ್ನು ಮೊದಲು ರಕ್ತದಲ್ಲಿ, ಮೂತ್ರದಲ್ಲಿ ಕಂಡವರು ಸೂಕ್ಷ್ಮಜೀವಿ ಕೊಲ್ಲುವ ವಸ್ತು ಅಂದುಕೊಂಡಿದ್ದರು. ಇಲಿಗಳ ಈ ಕತೆ 2001ರದ್ದು.

ಮರುವರ್ಷ ಅದೇ ತಂಡ ಉಲ್ಟಾ ಮಾಡಿ ನೋಡಿತು. ಹೆಪ್ಸಿಡಿನ್ ವಿಪರೀತ ತಯಾರಾಗುವ ಇಲಿಗಳು. ಮರಿಗಳು ಬಿಳಿಚಿಕೊಂಡೇ ಹುಟ್ಟಿದವು, ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಸತ್ತವು. ಕಾರಣ, ತೀವ್ರ ಕಬ್ಬಿಣದ ಕೊರತೆ. ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾವು ವರ್ಷಗಟ್ಟಲೆ ಎಷ್ಟು ಕೊಡಬೇಕು ಅಂತ ಮಾತ್ರ ಲೆಕ್ಕ ಹಾಕುತ್ತಿದ್ದೆವು. ಬಾಗಿಲು ತೆರೆದಿದೆಯಾ ಅಂತ ಕೇಳಿಯೇ ಇರಲಿಲ್ಲ.

ಈಗ ನಿಮ್ಮ ಮಗುವಿನ ವಿಷಯ. ಕಬ್ಬಿಣ ಕಡಿಮೆಯಾದಾಗ ಲಿವರ್ ತಾನೇ ಹೆಪ್ಸಿಡಿನ್ ಇಳಿಸುತ್ತದೆ. ಹೊಸ ರಕ್ತ ಕಟ್ಟುವ ಗಡಿಬಿಡಿಯಲ್ಲಿ ಮೂಳೆಮಜ್ಜೆಯೂ ಎರಿತ್ರೋಫೆರೋನ್ ಅನ್ನುವ ಹಾರ್ಮೋನ್ ಕಳಿಸಿ “ಬಾಗಿಲು ತೆಗಿ” ಅನ್ನುತ್ತದೆ. ಹಾಗಾದರೆ ಟಾನಿಕ್ ಹತ್ತಲೇಬೇಕಲ್ವಾ? ಹತ್ತುತ್ತದೆ, ಸೋಂಕು ಇಲ್ಲದಿದ್ದರೆ. ರೋಗಾಣುಗಳಿಗೂ ಕಬ್ಬಿಣ ಬೇಕು. ಅದಕ್ಕೇ ಜ್ವರ, ಸೋಂಕು ಬಂದ ತಕ್ಷಣ ಲಿವರ್ ಹೆಪ್ಸಿಡಿನ್ ಏರಿಸಿ ಕಬ್ಬಿಣ ಬಚ್ಚಿಡುತ್ತದೆ. ಪದೇ ಪದೇ ಕಿವಿ ಸೋರುವ ಮಗುವಿಗೆ ಬಾಟಲಿಗಟ್ಟಲೆ ಟಾನಿಕ್ ಕುಡಿಸಿ ಏನು ಬಂತು? ಮೊದಲು ಕಿವಿ ತೋರಿಸಿ.

ಒಂದು ಡೋಸ್ ಕಬ್ಬಿಣ ಹೊಟ್ಟೆಗೆ ಬಿದ್ದರೂ ಹೆಪ್ಸಿಡಿನ್ ಏರುತ್ತದೆ. ವಯಸ್ಕ ಹೆಂಗಸರಲ್ಲಿ ಇದನ್ನು ಅಳೆದಿದ್ದಾರೆ, ಸುಮಾರು 24 ಗಂಟೆ ಏರಿರುತ್ತದೆ. ಬೆಳಗ್ಗೆ ಕೊಟ್ಟು ಸಂಜೆ ಮತ್ತೆ ಸುರಿದರೆ ಸಂಜೆಯದಕ್ಕೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಮಗುವಿಗೆ ಸುಮ್ನೆ ಹೊಟ್ಟೆನೋವು. ದಿನಕ್ಕೊಮ್ಮೆ ಸಾಕು, ಡಾಕ್ಟರ್ ಬರೆದಷ್ಟೇ ಸಾಕು. ಪುಟ್ಟ ಮಗು ಒಂದೇ ಸಲಕ್ಕೆ ಬಾಟಲಿ ಖಾಲಿ ಮಾಡಿದರೆ ಅದು ವಿಷ, ತಕ್ಷಣ ಆಸ್ಪತ್ರೆಗೆ ಓಡಬೇಕು. ಕೈಗೆ ಸಿಗದ ಹಾಗೆ ಇಡಿ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಮಲ ಕಪ್ಪಾದರೆ ಗಾಬರಿ ಬೇಡ. ಟೀ ಜೊತೆ ಕೊಡಬೇಡಿ, ಹುಳಿ ಹಣ್ಣಿನ ರಸದ ಜೊತೆ ಕೊಡಿ. ಹಿಮೋಗ್ಲೋಬಿನ್ ಸರಿಯಾಯಿತು ಅಂತ ಅದೇ ದಿನ ನಿಲ್ಲಿಸಬೇಡಿ. ಆಗಿನ್ನೂ ದೇಹದ ದಾಸ್ತಾನು ತುಂಬಿರುವುದಿಲ್ಲ. ಎರಡು-ಮೂರು ತಿಂಗಳು ಮುಂದುವರಿಸಿ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ನಮಸ್ಕಾರ.