ಧಾರವಾಡದಲ್ಲಿ ಸೂಪರ್‌ಕಂಪ್ಯೂಟರ್ ಮಾತು, ನವಲಗುಂದದಲ್ಲಿ ಹೆಸರು ಬೆಳೆ

ಧಾರವಾಡದಲ್ಲಿ ನಡೆದ ಸೂಪರ್‌ಕಂಪ್ಯೂಟರ್, ಅಂದರೆ ಭಾರಿ ವೇಗದ ಕಂಪ್ಯೂಟರ್ ಕುರಿತ ಸಮ್ಮೇಳನದ ವಿಡಿಯೊ ಇದು. ಚಿಗರಿ ಬಸ್ಸು, ರಿಜಿಸ್ಟ್ರೇಷನ್, ಕೊರಳಿಗೆ ಕಾರ್ಡ್, ಎಲ್ಲ ನೋಡಿದಿರಿ. ಉದ್ಘಾಟನೆ ಕತ್ತರಿಸಿದ್ದೇನೆ, ತುಂಬಾ ಉದ್ದ ಇತ್ತು.

ಈಗ ಈ ಹಾಳೆ ನೋಡಿ. ಹನ್ನೊಂದೂವರೆಗೆ ಮೇಲಿನ ಹಾಲ್‌ನಲ್ಲಿ ಹವಾಮಾನದ ಭಾಷಣ, ಕೆಳಗೆ ಕೂಲಿಂಗ್, ಅಂದರೆ ಈ ಕಂಪ್ಯೂಟರುಗಳನ್ನು ತಂಪಾಗಿಡುವ ಬಗ್ಗೆ. ಎರಡೂ ಒಂದೇ ಹೊತ್ತಿಗೆ! ಊಟ ಆದಮೇಲೆ ಕೆಳಗಿನ ಹಾಲ್ ಖಾಲಿ ಅಂತ ಇಲ್ಲೇ ಬರೆದಿದೆ. ಒಂದನ್ನು ಅಲ್ಲಿಗೆ ಹಾಕಲು ಏನು ಕಷ್ಟ? ದುಡ್ಡು ಕೊಟ್ಟು ಬಂದವರು ಯಾವುದನ್ನು ಬಿಡಬೇಕು? ರೆಕಾರ್ಡಿಂಗ್ ಸಿಗುತ್ತಾ ಅಂತ ಕೇಳಿದೆ. ಇಲ್ಲವಂತೆ. ಗದಗಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದ ಇಬ್ಬರು ಹುಡುಗಿಯರು ಪಕ್ಕದಲ್ಲೇ ನಿಂತಿದ್ದರು. "ನೀ ಮ್ಯಾಲೆ ಹೋಗ, ನಾ ಕೆಳಗ ಕೂಡತೀನಿ, ನೋಟ್ಸ್ ಆಮ್ಯಾಲೆ ಹಂಚ್ಕೊಳ್ಳೋಣ" ಅಂತ ಮಾತಾಡಿಕೊಂಡರು. ಹಾಗೆ ಮಾಡುವ ಪರಿಸ್ಥಿತಿ ತರಬಾರದು ರೀ, ಇದು ಸರಿಯಲ್ಲ.

ನಾನು ಮೇಲೆ ಹೋದೆ. ಪರದೆ ಮೇಲಿನ ಚೌಕಗಳನ್ನು ನೋಡಿ. ಮಳೆಯ ಲೆಕ್ಕಕ್ಕೆ ದೇಶವನ್ನೇ ಹೀಗೆ ಕತ್ತರಿಸುತ್ತಾರೆ. ಮೊದಲು ಒಂದೊಂದು ಚೌಕ 12 ಕಿಲೋಮೀಟರ್. 2025ರ ಮೇ ತಿಂಗಳಲ್ಲಿ ಬಂದ ಹವಾಮಾನ ಮುನ್ಸೂಚನೆಯ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ 6. ಅರ್ಧ ಆಯಿತಲ್ವಾ, ಕೆಲಸ ಎರಡು ಪಟ್ಟು ಅಂದುಕೊಳ್ಳಬೇಡಿ. ಒಂದು ಚೌಕ ಇದ್ದಲ್ಲಿ ನಾಲ್ಕು ಬರುತ್ತವೆ. ಚೌಕ ಸಣ್ಣದಾದರೆ ಲೆಕ್ಕವನ್ನೂ ಎರಡು ಪಟ್ಟು ಬೇಗ ಬೇಗ ಹಾಕಬೇಕು. ಹೆಚ್ಚುಕಡಿಮೆ 8 ಪಟ್ಟು ಕೆಲಸ! ಅದಕ್ಕೇ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನಲ್ಲಿ ಅರ್ಕಾ ಅನ್ನುವ ಸೂಪರ್‌ಕಂಪ್ಯೂಟರ್ ಇದೆ, ವೇಗ 11.77 ಪೆಟಾಫ್ಲಾಪ್ಸ್. ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ 10 ಕೋಟಿ ಕೋಟಿ ಲೆಕ್ಕ.

ನಮ್ಮ ಜಿಲ್ಲೆಗೆ ಇದು ಬೇಕೇ ಬೇಕು. ಕಲಘಟಗಿ ಕಡೆ ಭತ್ತದ ಗದ್ದೆಯಲ್ಲಿ ನೀರು ನಿಂತಿರುತ್ತದೆ, ನವಲಗುಂದದ ಎರಿ ಹೊಲ ಬಾಯಿಬಿಟ್ಟಿರುತ್ತದೆ. "ಧಾರವಾಡ ಜಿಲ್ಲೆಯಲ್ಲಿ ಮಳೆ" ಅಂದರೆ ಯಾರಿಗೆ ಉಪಯೋಗ? ಹೆಸರು ಬಿಡಿಸುವ ಹೊತ್ತಿಗೆ ನಾಲ್ಕು ದಿನ ಮಳೆ ಹಿಡಿದರೆ ಕಾಳು ಕಾಯಿಯೊಳಗೇ ಮೊಳಕೆ ಒಡೆಯುತ್ತದೆ. ನನ್ನ ಕೇಳಿದರೆ 6 ಕಿಲೋಮೀಟರೂ ಸಾಲದು, ಊರೂರಿಗೆ ಬೇಕು.

ಇದು ಊಟದ ಶಾಟ್. ಕೂಲಿಂಗ್ ಭಾಷಣ ಬಿಟ್ಟಿದ್ದಕ್ಕೆ ಬೇಸರ ಇಲ್ಲ ಅಂತಲೇ ಇದ್ದೆ. ಗದಗಿನ ಹುಡುಗಿ ನೋಟ್ಸ್ ತೋರಿಸಿದಳು ನೋಡಿ, ಮನಸ್ಸು ಬದಲಾಯಿತು. ಜರ್ಮನಿಯ ಸೂಪರ್‌ಮುಕ್ ಅನ್ನುವ ಸೂಪರ್‌ಕಂಪ್ಯೂಟರನ್ನು 2012ರಲ್ಲೇ ಸುಮಾರು 40 ಡಿಗ್ರಿಯ ಬೆಚ್ಚನೆ ನೀರಿನಿಂದ ತಂಪು ಮಾಡುತ್ತಿದ್ದರು. ಚಿಪ್ ಅದಕ್ಕಿಂತ ಬಿಸಿ, ಹಾಗಾಗಿ ನಡೆಯುತ್ತದೆ. ನೀರನ್ನು ಫ್ರಿಜ್ಜಿನ ಹಾಗೆ ತಣ್ಣಗೆ ಮಾಡುವ ಕರೆಂಟು ಉಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಇದಕ್ಕಿಂತ ಒಳ್ಳೆ ಉಪಾಯ ಏನಿದೆ? ಈ ಭಾಷಣವನ್ನು ದೊಡ್ಡ ಹಾಲ್‌ನಲ್ಲೇ ಇಡಬೇಕಿತ್ತು.

ಬೆಲ್ ಆಯಿತು. ಮುಂದಿನದು ಡೇಟಾ ಸಂಗ್ರಹದ ಬಗ್ಗೆ. ಮುಂದಿನ ಸಾಲಿನಲ್ಲಿ ಜಾಗ ಹಿಡಿಯಬೇಕು, ಬನ್ನಿ.