ದಾರ ಬಿಚ್ಚಿ, ಕತ್ತರಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಒಗ್ಗರಣೆ ಹಾಕುತ್ತಾ ರೇಡಿಯೋ ಕೇಳುವವರು ಇದ್ದೀರಿ, ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುತ್ತಾ ಕೇಳುವವರೂ ಇದ್ದೀರಿ. ಇಬ್ಬರಿಗೂ ನನ್ನದು ಒಂದೇ ಮಾತು. ಮನೆಗೆ ಬಂದ ದಾರವನ್ನು ಬಿಚ್ಚಿ. ಕತ್ತರಿಸಬೇಡಿ.

ಒಂದು ವಾರ ಲೆಕ್ಕ ಇಟ್ಟು ನೋಡಿ. ಹೂವಿನ ಪೊಟ್ಟಣಕ್ಕೆ ಬಾಳೆನಾರು ಕಟ್ಟಿರುತ್ತಾರೆ. ಸಿಹಿ ತಿಂಡಿಯ ಡಬ್ಬಕ್ಕೆ ನೂಲು. ಸಸಿ ತಂದರೆ ಅದರ ಬುಡಕ್ಕೆ ಗೋಣಿದಾರ. ಅಕ್ಕಿ ಚೀಲದ ಬಾಯಿಗೆ ಹೊಲಿಗೆ ದಾರ. ಇಷ್ಟನ್ನೂ ಕಚಕಚ ಕತ್ತರಿಸಿ ಕಸಕ್ಕೆ ಹಾಕುತ್ತೇವೆ. ಮಾರನೇ ದಿನ ಹಾಗಲ ಬಳ್ಳಿ ನೆಲಕ್ಕೆ ಬಿದ್ದರೆ, "ರೀ, ಒಂದು ಚೂರು ದಾರ ಇದೆಯಾ?" ಅಂತ ಮನೆಯೆಲ್ಲಾ ಹುಡುಕುತ್ತೇವೆ. ಅಲ್ವಾ?

ಹೆಣ್ಣುಮಕ್ಕಳಿಗೆ ಕೈತೋಟದ ಪಾಠ ಹೇಳಿಕೊಡುತ್ತಾ ನನಗೆ ಮೂವತ್ತು ವರ್ಷ ಆಯಿತು. ಆದರೆ ದಾರದ ಪಾಠವನ್ನು ನನಗೆ ಕಲಿಸಿದವರು ನಮ್ಮ ಮಾವನವರು. ಅದನ್ನು ಹೇಳಲೇಬೇಕು.

ಆಗಿನ್ನೂ ಮದುವೆಯಾದ ಹೊಸತು. ನಮ್ಮ ಮನೆಯಲ್ಲಿ ಅಕ್ಕಿ ಚೀಲವನ್ನು ಮಾವನವರೇ ಬಿಚ್ಚಬೇಕು. ಒಂದು ದಿನ ಅವರು ತೋಟಕ್ಕೆ ಹೋಗಿದ್ದರು. ಇದ್ದಕ್ಕಿದ್ದಂತೆ ನಾಲ್ಕು ಜನ ನೆಂಟರು ಬಂದರು. ಡಬ್ಬದಲ್ಲಿ ಅಕ್ಕಿ ಇಲ್ಲ. ನಾನು ಕತ್ತರಿ ತಂದು ಚೀಲದ ಬಾಯಿಯ ಹೊಲಿಗೆಯನ್ನು ಅಲ್ಲಲ್ಲಿ ಕತ್ತರಿಸಿ, ಕಿತ್ತು, ಅಕ್ಕಿ ತೆಗೆದೆ. ಊಟವೂ ಆಯಿತು. ಸಂಜೆ ಮಾವನವರು ಚೀಲ ನೋಡಿದರು. ಬೈಯಲಿಲ್ಲ. ಜಗಲಿಯ ಮೇಲೆ ಕೂತು, ಚೀಲಕ್ಕೆ ಅಂಟಿಕೊಂಡಿದ್ದ ಚೂರುಗಳನ್ನೆಲ್ಲಾ ಒಂದೊಂದಾಗಿ ಎಳೆದು ತೆಗೆದರು. ಎಲ್ಲವೂ ಬೆರಳುದ್ದ. ಅವನ್ನು ನನ್ನ ಅಂಗೈ ಮೇಲಿಟ್ಟು, "ಇದರಲ್ಲಿ ಏನು ಕಟ್ಟೋಣ, ಹೇಳಮ್ಮ?" ಅಂದರು. ನನಗೆ ಕಣ್ಣಲ್ಲಿ ನೀರೇ ಬಂತು.

ಮುಂದಿನ ಚೀಲ ಬಂದಾಗ ನನ್ನನ್ನೇ ಕರೆದರು. "ನೋಡು, ಹೊಲಿಗೆಗೆ ಎರಡು ಮುಖ. ಒಂದು ಕಡೆ ಬರೀ ಗೆರೆ, ಇನ್ನೊಂದು ಕಡೆ ಜಡೆ ಹೆಣೆದ ಹಾಗೆ. ಚೀಲ ನಿಲ್ಲಿಸು. ಗೆರೆ ಇರುವ ಮುಖ ನಿನ್ನ ಕಡೆಗಿರಲಿ. ಈಗ ಬಲಗಡೆಯ ತುದಿ ಹಿಡಿ." ಅಲ್ಲಿ ದಾರದ ಒಂದು ಬಾಲ ಜೋತುಬಿದ್ದಿತ್ತು. ದಬ್ಬಣದಿಂದ ಕೊನೆಯ ಕುಣಿಕೆ ಸಡಿಲಿಸಿ ಎಳೆದೆ ನೋಡಿ, ಸರ್ರ್ ಅಂತ ಈ ತುದಿಯಿಂದ ಆ ತುದಿವರೆಗೆ ಒಂದೇ ಉಸಿರಿಗೆ ಬಿಚ್ಚಿಕೊಂಡಿತು! ಆ ಸದ್ದು ಈಗಲೂ ನನಗೆ ಇಷ್ಟ.

ಇದರಲ್ಲಿ ಮಂತ್ರವೇನಿಲ್ಲ. ಅದು ಸರಪಳಿ ಹೊಲಿಗೆ. ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ. ಹೊಲಿಗೆ ಎಲ್ಲಿ ಮುಗಿಯಿತೋ ಅಲ್ಲಿಂದ ಎಳೆದರೆ ಬಿಚ್ಚುತ್ತದೆ. ಶುರುವಾದ ಕಡೆಯಿಂದ ಎಳೆದರೆ ಇನ್ನೂ ಬಿಗಿಯುತ್ತದೆ. ಇನ್ನೊಂದು ಸಂಗತಿ: ಆ ಹೊಲಿಗೆಯಲ್ಲಿ ದಾರ ಮುಂದೆ ಒಂದು ಎಳೆ, ಹಿಂದೆ ಎರಡು ಎಳೆ ಓಡುತ್ತದೆ. ಚೀಲದ ಬಾಯಿ ಒಂದೂವರೆ ಅಡಿ ಇದ್ದರೆ ನಿಮ್ಮ ಕೈಗೆ ಸಿಗುವುದು ನಾಲ್ಕೂವರೆ ಅಡಿಗೂ ಜಾಸ್ತಿ ದಾರ. ಕತ್ತರಿಸಿದವರಿಗೆ? ಬೆರಳುದ್ದದ ಚೂರು. ಅದಕ್ಕೇ ಹೇಳುತ್ತಿರುವುದು, ಬಿಚ್ಚಿ.

"ಅಯ್ಯೋ, ಗಂಟು ಬಿಚ್ಚೋಕೆ ಯಾರಿಗೆ ಪುರುಸೊತ್ತು?" ಅಂತ ಕೇಳುವವರು ಈಗಲೂ ಇದ್ದೀರಿ. ಕತ್ತರಿ ಹುಡುಕೋಕೆ ಇರುವ ಪುರುಸೊತ್ತು ಇದಕ್ಕೂ ಸಾಕು! ಗೋಣಿದಾರ ಒದ್ದೆಯಾಗಿದ್ದರೆ ನಾರು ಉಬ್ಬಿ ಗಂಟು ಕಚ್ಚಿಕೊಂಡಿರುತ್ತದೆ. ಎಳೆದಾಡಬೇಡಿ. ಬಿಸಿಲಿಗೆ ಹಾಕಿ, ಒಣಗಲಿ. ಆಮೇಲೆ ದಬ್ಬಣದ ಮೊನೆಯನ್ನು ಗಂಟಿನ ನಡುವೆ ತೂರಿಸಿ ಅಲ್ಲಾಡಿಸಿ. ಕಗ್ಗಂಟೂ ಸಡಿಲವಾಗುತ್ತದೆ. ನೀವು ಕಟ್ಟುವಾಗಲೂ ಅಷ್ಟೇ, ಎಳೆದರೆ ಬಿಚ್ಚುವಂಥ ಜಾರುಗಂಟು ಹಾಕಿ.

ಬಿಚ್ಚಿದ ದಾರವನ್ನು ಮುದ್ದೆ ಮಾಡಿ ಡ್ರಾಯರಿಗೆ ತುರುಕಬೇಡಿ. ಹೆಬ್ಬೆರಳು, ಕಿರುಬೆರಳು ಚಾಚಿ. ಅವೆರಡರ ಮಧ್ಯೆ 8 ಬರೆದ ಹಾಗೆ ಸುತ್ತಿ. ಕೊನೆಯ ಒಂದು ಗೇಣಿನಿಂದ ನಡುವಿಗೆ ಕಟ್ಟಿ. ಹೀಗೆ ಸುತ್ತಿದ ದಾರ ಮುರಿ ಬೀಳುವುದಿಲ್ಲ, ಸಿಕ್ಕಾಗುವುದಿಲ್ಲ. ನಮ್ಮ ಮನೆಯಲ್ಲಿ ಹಳೇ ಹಾರ್ಲಿಕ್ಸ್ ಬಾಟಲಿ ತುಂಬಾ ಇಂಥವೇ.

ಸಮಯ ಮುಗಿಯುತ್ತಾ ಬಂತು ಅಂತ ಕೈಸನ್ನೆ ಮಾಡುತ್ತಿದ್ದಾರೆ. ತೋಟದ ವಿಷಯ ಬೇಗ ಹೇಳಿಬಿಡುತ್ತೇನೆ. ಅಕ್ಕಿ ಚೀಲದ ದಾರ, ನೈಲಾನ್ ದಾರ ಚಪ್ಪರಕ್ಕೆ ಸರಿ. ಹೀರೆ, ಹಾಗಲ, ಅವರೆ ಹಬ್ಬಲಿಕ್ಕೆ ಒಳ್ಳೇದು. ಆದರೆ ಎಳೆಯ ಕಾಂಡಕ್ಕೆ ನೈಲಾನ್ ಬೇಡವೇ ಬೇಡ. ಗಿಡ ದಪ್ಪವಾಗುತ್ತಾ ಹೋದ ಹಾಗೆ ಅದು ತೊಗಟೆಯನ್ನು ಕೊಯ್ದು ಒಳಗೆ ಇಳಿಯುತ್ತದೆ. ಗಾಳಿ ಬಂದಾಗ ಗಿಡ ಸರಿಯಾಗಿ ಅಲ್ಲೇ ಮುರಿಯುತ್ತದೆ. ನಿಂಬೆ ಸಸಿಗಳು ಹೀಗೆ ಹೋಗಿದ್ದನ್ನು ಎಷ್ಟೋ ಹಿತ್ತಲುಗಳಲ್ಲಿ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಟೊಮೆಟೊ, ವೀಳ್ಯದೆಲೆ ಬಳ್ಳಿಗೆ ಬಾಳೆನಾರು ಕಟ್ಟಿ. ಕೋಲಿಗೂ ಕಾಂಡಕ್ಕೂ ಮಧ್ಯೆ ಒಂದು ಬೆರಳು ಆಡುವಷ್ಟು ಸಡಿಲ ಇರಲಿ. ಉಡುಪಿ ಮಲ್ಲಿಗೆ ಕಟ್ಟುವುದು ಇದೇ ನಾರಿನಲ್ಲಿ. 800 ಮೊಗ್ಗು ಸೇರಿದರೆ ಒಂದು ಚೆಂಡು. ಅಷ್ಟು ಮೊಗ್ಗನ್ನು ನೋಯಿಸದೆ ಹಿಡಿಯುವ ನಾರಿಗೆ ನಿಮ್ಮ ಟೊಮೆಟೊ ಗಿಡ ಹೆಚ್ಚಲ್ಲ. ಒಣಗಿದ ನಾರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ಮತ್ತೆ ಮೆತ್ತಗಾಗುತ್ತದೆ.

ತೀರಾ ಚೂರಾದ ಬಾಳೆನಾರು, ಗೋಣಿದಾರ ಗೊಬ್ಬರದ ಗುಂಡಿಗೆ ಹೋಗಲಿ. ನೈಲಾನ್ ಚೂರು ಮಾತ್ರ ಹಿತ್ತಲಲ್ಲಿ ಬಿಡಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಹಸುವಿನ ಹೊಟ್ಟೆಗೆ ಹೋಗುತ್ತದೆ.

ಈ ತಿಂಗಳ ಅಕ್ಕಿ ಚೀಲ ಇನ್ನೂ ಒಡೆದಿಲ್ಲ ಅನ್ನುವವರು ಇವತ್ತೇ ನೋಡಿ. ಗೆರೆ ನಿಮ್ಮ ಕಡೆಗೆ, ಬಲಗಡೆಯ ತುದಿ. ಮಕ್ಕಳಿದ್ದರೆ ಅವರ ಕೈಯಲ್ಲಿ ಎಳೆಸಿ. ನಮಸ್ಕಾರ.