ಮಣ್ಣಿನ ಕೋಟೆಯ ರಾಜಧಾನಿ

ಕೇಳುಗರಿಗೆ ನಮಸ್ಕಾರ. ಕೋಟೆ ಅಂದ ಕೂಡಲೇ ನಮಗೆ ಕಲ್ಲೇ ಬೇಕು, ಅಲ್ವಾ? ಮಣ್ಣಿನ ಕೋಟೆ ಅಂದರೆ ಅಸಡ್ಡೆ. ಆ ಅಸಡ್ಡೆ ಬಿಡಿ ಅಂತ ಹೇಳುವುದಕ್ಕೇ ಬಂದಿದ್ದೇನೆ.

ಕೊರಿಯಾದ ಸಿಯೋಲ್‌ನಲ್ಲಿ, ಹಾನ್ ನದಿಯ ದಡದಲ್ಲಿ, ಪುಂಗ್ನಾಪ್ ಅನ್ನುವ ಬಡಾವಣೆ ಇದೆ. ಅಪಾರ್ಟ್‌ಮೆಂಟುಗಳ ನಡುವೆ ಹುಲ್ಲು ಬೆಳೆದ ಉದ್ದದ ದಿಬ್ಬ. ಅದೇ ಪ್ರಾಚೀನ ಕೊರಿಯಾದ ಬೆಕ್ಜೆ ರಾಜ್ಯದ ಮೊದಲ ರಾಜಧಾನಿ ಹಾನ್‌ಸಂಗ್‌ನ ಗೋಡೆ. ಸುತ್ತಳತೆ ಸುಮಾರು ಮೂರೂವರೆ ಕಿಲೋಮೀಟರ್ ಇತ್ತು. 1999ರಲ್ಲಿ ಗೋಡೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಬುಡದ ಅಗಲವೇ 40 ಮೀಟರಿಗಿಂತ ಜಾಸ್ತಿ! ಮಣ್ಣು ಹಾಸಿ, ಕುಟ್ಟಿ, ಮತ್ತೆ ಹಾಸಿ, ಮತ್ತೆ ಕುಟ್ಟಿ ಎಬ್ಬಿಸಿದ್ದು. ಕೆಲವು ಕಡೆ ಕೆಸರಿನ ಪದರಗಳ ನಡುವೆ ಸೊಪ್ಪು, ಕಡ್ಡಿ ಸೇರಿಸಿದ್ದಾರೆ.

ಈಗ ಒಂದು ಕಥೆ. 1145ರ 'ಸಾಮ್‌ಗುಕ್ ಸಾಗಿ' ಅನ್ನುವ ಇತಿಹಾಸ ಗ್ರಂಥದಲ್ಲಿದೆ. ಬೆಕ್ಜೆಯ ದೊರೆ ಗೆರೊಗೆ ಬಾದುಕ್ ಆಟದ ಹುಚ್ಚು. ಕಪ್ಪು ಬಿಳಿ ಕಾಯಿಗಳ ಆಟ ಅದು. ಉತ್ತರದ ಶತ್ರುರಾಜ್ಯ ಗೊಗುರ್ಯೊದಿಂದ ದೋರಿಮ್ ಅನ್ನುವ ಬೌದ್ಧ ಸನ್ಯಾಸಿ ತಪ್ಪಿಸಿಕೊಂಡು ಬಂದವನ ಹಾಗೆ ಬಂದ. ಬಾದುಕ್‌ನಲ್ಲಿ ಭಾರೀ ನಿಪುಣ. ದೊರೆ ಅವನನ್ನು ಬಿಟ್ಟಿರಲಾರದ ಹಾಗಾದ. ಆಗ ಸನ್ಯಾಸಿ ಮೆಲ್ಲಗೆ ಶುರು ಮಾಡಿದ, ನಿಮ್ಮಂಥ ದೊರೆಗೆ ಈ ಹಳೇ ಗೋಡೆ, ಈ ಅರಮನೆ ಸಾಲದು ಅಂತ. ದೊರೆ ನಂಬಿಬಿಟ್ಟ! ಜನರನ್ನೆಲ್ಲ ಹಚ್ಚಿ, ಮಣ್ಣನ್ನು ಆವಿಯಲ್ಲಿ ಬೇಯಿಸಿ ಗೋಡೆ ಕಟ್ಟಿಸಿದ, ಒಳಗೆ ಭವ್ಯ ಅರಮನೆ ಎಬ್ಬಿಸಿದ. ಬೊಕ್ಕಸ ಬರಿದಾಯಿತು, ಜನ ಸೋತುಹೋದರು. ಸನ್ಯಾಸಿ ಕೆಲಸ ಮುಗಿದ ಮೇಲೆ ಓಡಿಹೋಗಿ ತನ್ನ ದೊರೆ ಜಾಂಗ್ಸುಗೆ ಸುದ್ದಿ ಮುಟ್ಟಿಸಿದ. 475ರಲ್ಲಿ 30,000 ಸೈನಿಕರು ಮುತ್ತಿದರು. ಹಾನ್‌ಸಂಗ್‌ನ ಉತ್ತರದ ಕೋಟೆ ಬೀಳಲು ಏಳು ದಿನ ಬೇಕಾಯಿತು. ಅದು ಪುಂಗ್ನಾಪ್ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮಣ್ಣಿನ ಕೋಟೆ, ನೆನಪಿರಲಿ! ಓಡಿಹೋಗುತ್ತಿದ್ದ ಗೆರೊನನ್ನು ಹಿಡಿದವರು ಹಿಂದೆ ಬೆಕ್ಜೆಯವರೇ ಆಗಿದ್ದ ಸೇನಾನಿಗಳು. ಮುಖಕ್ಕೆ ಮೂರು ಸಲ ಉಗಿದು, ಆಚಾ ಕೋಟೆಯ ಬಳಿ ಕೊಂದರು. ರಾಜಧಾನಿ ದಕ್ಷಿಣದ ಉಂಗ್ಜಿನ್‌ಗೆ ಹೋಯಿತು.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. 1925ರ ಪ್ರವಾಹದಲ್ಲಿ ಇಲ್ಲಿ ಕಂಚಿನ ಪಾತ್ರೆಗಳು ಸಿಕ್ಕವು. ಆದರೂ ಇದು ರಾಜಧಾನಿ ಅಂತ ಬಹಳ ಮಂದಿ ಒಪ್ಪಲಿಲ್ಲ, ಸುಮ್ನೆ ಮಣ್ಣು ತಾನೇ! 1997ರಲ್ಲಿ ಅಪಾರ್ಟ್‌ಮೆಂಟ್ ಪಾಯ ತೋಡುವಾಗ ಬೆಕ್ಜೆಯ ಮಡಕೆ ಚೂರುಗಳು ರಾಶಿರಾಶಿ ಬಂದವು. ಆಮೇಲೆ ಕುದುರೆಗಳ ತಲೆಬುರುಡೆ ತುಂಬಿದ್ದ ಗುಂಡಿ ಸಿಕ್ಕಿತು, ಬಲಿಪೂಜೆಯ ಗುರುತು. ಆಗಲೇ ಜನ ಬಾಯಿ ಮುಚ್ಚಿದ್ದು. ಈಗ ಸರ್ಕಾರ ಮನೆಗಳನ್ನು ಒಂದೊಂದಾಗಿ ಕೊಂಡು ಅಗೆಸುತ್ತಿದೆ.

ಸಿಯೋಲ್‌ಗೆ ಹೋಗುವವರು ದೊಡ್ಡ ಅರಮನೆ ನೋಡಿ ವಾಪಸ್ ಬರುತ್ತಾರೆ. ಮೆಟ್ರೊದಲ್ಲಿ ಚೊನ್ಹೊ ನಿಲ್ದಾಣಕ್ಕೆ ಹೋಗಿ ಇಳಿಯಿರಿ. ಅಲ್ಲಿಂದ ಗೋಡೆ ನಡೆದು ಹೋಗುವಷ್ಟೇ ದೂರ.